ಮೆಟ್ಟಿಲು ಹತ್ತಿ ನಿಂತ ಮೇಲೂ ಏದುಸಿರು ಯಾಕೆ? ಎಕ್ಸರ್‌ಸೈಸ್ ಸೈನ್ಸ್ ಪದವಿಯಲ್ಲಿ ಏನು ಕಲಿಸುತ್ತಾರೆ

ಮೂರು ಮಹಡಿ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಸರಸರ ಹತ್ತಿ ನೋಡಿ. ಮೇಲೆ ಹೋಗಿ ನಿಂತಿದ್ದೀರಿ. ಕೆಲಸ ಮುಗಿದಿದೆ, ಕಾಲು ಅಲ್ಲಾಡುತ್ತಿಲ್ಲ. ಆದರೂ ಒಂದೆರಡು ನಿಮಿಷ ಏದುಸಿರು ನಿಲ್ಲುವುದಿಲ್ಲ. ಎದೆ ಡಬಡಬ ಹೊಡೆದುಕೊಳ್ಳುತ್ತಲೇ ಇರುತ್ತದೆ. ಯಾಕೆ? ನಿಂತ ಗಾಡಿಗೆ ಪೆಟ್ರೋಲ್ ಯಾಕೆ ಬೇಕು?

"ಸುಸ್ತಾಗಿದೆ, ಅದಕ್ಕೇ" ಅಂದು ಹೆಚ್ಚಿನವರು ಸುಮ್ಮನಾಗುತ್ತಾರೆ. "ಸುಸ್ತು ಅಂದರೆ ನಿಜವಾಗಿ ಏನು?" ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳುವವರಿಗಾಗಿ ಒಂದು ಪದವಿಯೇ ಇದೆ. ಅದೇ ಎಕ್ಸರ್‌ಸೈಸ್ ಸೈನ್ಸ್, ಅಂದರೆ ವ್ಯಾಯಾಮ ವಿಜ್ಞಾನ.

ಮನೆಯಲ್ಲಿ ಮಗನೋ ಮಗಳೋ "ನಾನು ಇದನ್ನೇ ಓದ್ತೀನಿ" ಅಂದರೆ ಬರುವ ಮೊದಲ ಮಾತು, "ಜಿಮ್ ಟ್ರೈನರ್ ಆಗೋಕೆ ಡಿಗ್ರಿ ಬೇಕಾ?" ಎಂಬುದು. ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನು ಕೊನೆಗೆ ನೋಡೋಣ. ಮೊದಲು, ಮೂರು ನಾಲ್ಕು ವರ್ಷ ಅಲ್ಲಿ ಏನು ಕಲಿಸುತ್ತಾರೆ ಅನ್ನುವುದು ಗೊತ್ತಾಗಬೇಕಲ್ವಾ?

ಒಂದೇ ಓದು, ಹಲವು ಹೆಸರು

ಒಂದು ಕಾಲೇಜಿನಲ್ಲಿ ಇದಕ್ಕೆ ಎಕ್ಸರ್‌ಸೈಸ್ ಸೈನ್ಸ್ ಅನ್ನುತ್ತಾರೆ. ಇನ್ನೊಂದರಲ್ಲಿ ಕಿನೀಸಿಯಾಲಜಿ. ಮತ್ತೊಂದರಲ್ಲಿ ಸ್ಪೋರ್ಟ್ಸ್ ಸೈನ್ಸ್ ಅಥವಾ ಹ್ಯೂಮನ್ ಮೂವ್‌ಮೆಂಟ್ ಸೈನ್ಸ್. ಕಿನೀಸಿಯಾಲಜಿ ಎಂಬ ಪದದ ಬೇರು ಗ್ರೀಕ್ ಭಾಷೆಯದು, 'ಕಿನೇಸಿಸ್' ಅಂದರೆ ಚಲನೆ. ಸ್ಪೋರ್ಟ್ಸ್ ಸೈನ್ಸ್ ಎಂಬ ಹೆಸರಿದ್ದರೆ ಕ್ರೀಡಾಪಟುಗಳ ಕಡೆ ಒಲವು ಸ್ವಲ್ಪ ಜಾಸ್ತಿ. ಎಕ್ಸರ್‌ಸೈಸ್ ಸೈನ್ಸ್ ಅಂದರೆ ಹೃದ್ರೋಗಿ, ಮಧುಮೇಹಿ, ವಯಸ್ಸಾದವರು, ಮಕ್ಕಳು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಆದರೆ ಹೆಸರನ್ನಷ್ಟೇ ನೋಡಿ ತೀರ್ಮಾನಿಸುವ ಹಾಗಿಲ್ಲ. ಒಳಗಿನ ಪಠ್ಯಪಟ್ಟಿ ನೋಡಬೇಕು.

ಎಲ್ಲದರ ನಡುವೆ ಇರುವುದು ಎರಡೇ ಪ್ರಶ್ನೆ. ಮೈಗೆ ಕೆಲಸ ಕೊಟ್ಟಾಗ ಆ ಕ್ಷಣದಲ್ಲಿ ಏನಾಗುತ್ತದೆ? ಅದೇ ಕೆಲಸವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೊಟ್ಟರೆ ಮೈ ಹೇಗೆ ಬದಲಾಗುತ್ತದೆ? ಮೊದಲನೆಯದಕ್ಕೆ ಪ್ರತಿಕ್ರಿಯೆ ಅನ್ನಿ, ಎರಡನೆಯದಕ್ಕೆ ಹೊಂದಾಣಿಕೆ ಅನ್ನಿ. ಮೆಟ್ಟಿಲು ಹತ್ತಿದಾಗ ಏದುಸಿರು ಬಂದದ್ದು ಪ್ರತಿಕ್ರಿಯೆ. ದಿನಾ ಹತ್ತಿ ಹತ್ತಿ ಎರಡು ತಿಂಗಳಲ್ಲಿ ಏದುಸಿರು ಕಮ್ಮಿಯಾಗಿದ್ದು ಹೊಂದಾಣಿಕೆ.

ಮೊದಲ ವರ್ಷ ಮೈದಾನ ಕಾಣಿಸುವುದೇ ಕಷ್ಟ

ಆಟದ ಹುಚ್ಚಿನಿಂದ ಸೇರಿದವರಿಗೆ ಮೊದಲ ವರ್ಷ ಸ್ವಲ್ಪ ನಿರಾಸೆ ಆಗಬಹುದು. ಜೀವಶಾಸ್ತ್ರ, ರಸಾಯನಶಾಸ್ತ್ರ, ಸ್ವಲ್ಪ ಭೌತಶಾಸ್ತ್ರ, ಜೊತೆಗೆ ಅನಾಟಮಿ ಮತ್ತು ಫಿಸಿಯಾಲಜಿ. ಅನಾಟಮಿ ಅಂದರೆ ಮೈಯಲ್ಲಿ ಯಾವುದು ಎಲ್ಲಿದೆ ಎಂಬ ನಕ್ಷೆ. ಫಿಸಿಯಾಲಜಿ ಅಂದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಲೆಕ್ಕ. ವಯಸ್ಕರ ಮೈಯಲ್ಲಿ 206 ಮೂಳೆ, 600ಕ್ಕೂ ಹೆಚ್ಚು ಸ್ನಾಯು. ಪ್ರತಿ ಮುಖ್ಯ ಸ್ನಾಯು ಯಾವ ಮೂಳೆಯಿಂದ ಹೊರಟು ಯಾವುದಕ್ಕೆ ಅಂಟಿಕೊಳ್ಳುತ್ತದೆ, ಯಾವ ನರ ಅದಕ್ಕೆ ಆಜ್ಞೆ ತರುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಲೇಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ಇದೆಲ್ಲ ಯಾಕೆ ಬೇಕು ಅನ್ನುವುದು ಎರಡನೇ ವರ್ಷ ಗೊತ್ತಾಗುತ್ತದೆ. ಒಬ್ಬರಿಗೆ ಭುಜ ಎತ್ತಲು ಆಗುತ್ತಿಲ್ಲ ಅಂದುಕೊಳ್ಳಿ. ಭುಜ ಎತ್ತಲು ಎಷ್ಟು ಸ್ನಾಯು ಸೇರುತ್ತವೆ, ಯಾವುದು ಯಾವ ಹಂತದಲ್ಲಿ ಅನ್ನುವ ನಕ್ಷೆ ತಲೆಯಲ್ಲಿ ಇಲ್ಲದಿದ್ದರೆ ಅವರಿಗೆ ಕೊಡುವ ವ್ಯಾಯಾಮ ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ.

ಜೇಬಿನ ಚಿಲ್ಲರೆ, ಕೈಸಾಲ, ತಿಂಗಳ ಸಂಬಳ

ಇಡೀ ಪದವಿಯ ಬೆನ್ನೆಲುಬು ಎಕ್ಸರ್‌ಸೈಸ್ ಫಿಸಿಯಾಲಜಿ. ಏದುಸಿರಿನ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ಸ್ನಾಯುವಿನ ಅಂಗಡಿಯಲ್ಲಿ ನಡೆಯುವುದು ಒಂದೇ ನಾಣ್ಯ. ಅದರ ಹೆಸರು ಎಟಿಪಿ. ತಿಂದದ್ದೆಲ್ಲ ಕೊನೆಗೆ ಎಟಿಪಿ ಆಗಿ ಬದಲಾದರೇನೇ ಸ್ನಾಯು ಎಳೆಯುತ್ತದೆ. ಆದರೆ ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಕಾಗುವಷ್ಟು. ಹಾಗಾಗಿ ಖರ್ಚಾದ ಹಾಗೆ ತುಂಬಿಸುತ್ತಲೇ ಇರಬೇಕು. ತುಂಬಿಸಲು ಮೂರು ದಾರಿ.

ಮೊದಲನೆಯದು ಜೇಬಿನ ಚಿಲ್ಲರೆ. ಸ್ನಾಯುವಿನೊಳಗೇ ಇರುವ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ತಕ್ಷಣ ಎಟಿಪಿ ತಯಾರಿಸಿಕೊಡುತ್ತದೆ. ಆದರೆ ಜೋರಾಗಿ ಓಡಿದರೆ ಸುಮಾರು 10 ಸೆಕೆಂಡಿನಲ್ಲಿ ಚಿಲ್ಲರೆ ಬಹುಪಾಲು ಖಾಲಿ. 100 ಮೀಟರ್ ಓಟಗಾರರು ಬದುಕುವುದೇ ಇದರ ಮೇಲೆ. ಎರಡನೆಯದು ಕೈಸಾಲ. ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಬೇಗ ಎಟಿಪಿ ಪಡೆಯುವುದು. ಬೇಗ ಸಿಗುತ್ತದೆ, ಆದರೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಇದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ. ಮೂರನೆಯದು ತಿಂಗಳ ಸಂಬಳ. ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬು ಎರಡನ್ನೂ ಪೂರ್ತಿ ಉರಿಸುವ ದಾರಿ. ನಿಧಾನ, ಆದರೆ ಗಂಟೆಗಟ್ಟಲೆ ಬರುತ್ತಲೇ ಇರುತ್ತದೆ.

ಮೂರೂ ಒಂದಾದ ಮೇಲೊಂದು ಸರದಿ ಪ್ರಕಾರ ನಡೆಯುತ್ತವೆ ಅಂದುಕೊಳ್ಳಬೇಡಿ. ಮೂರೂ ಒಟ್ಟಿಗೇ ನಡೆಯುತ್ತವೆ, ಯಾರ ಪಾಲು ಎಷ್ಟು ಅನ್ನುವುದು ಮಾತ್ರ ಬದಲಾಗುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮೊದಲು ತಪ್ಪುವುದು ಇಲ್ಲೇ.

ಈಗ ಮೆಟ್ಟಿಲಿಗೆ ಬರೋಣ. ಹತ್ತಲು ಶುರು ಮಾಡಿದ ಕೂಡಲೇ ಸ್ನಾಯುವಿಗೆ ಶಕ್ತಿ ಬೇಕು. ಆದರೆ ಹೃದಯ, ಶ್ವಾಸಕೋಶ ವೇಗ ಹೆಚ್ಚಿಸಿಕೊಂಡು ಆಮ್ಲಜನಕ ತಲುಪಿಸಲು ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ಚಿಲ್ಲರೆ ಮತ್ತು ಕೈಸಾಲದಲ್ಲೇ ಖರ್ಚು ನಡೆಯುತ್ತದೆ. ಮೇಲೆ ಹೋಗಿ ನಿಂತ ಮೇಲೆ ಜೇಬನ್ನು ಮತ್ತೆ ತುಂಬಿಸಬೇಕು. ಸ್ನಾಯು ಮತ್ತು ರಕ್ತದಲ್ಲಿ ಕಮ್ಮಿಯಾದ ಆಮ್ಲಜನಕವನ್ನು ಮತ್ತೆ ಸೇರಿಸಬೇಕು. ಮೈ ಬಿಸಿಯಾಗಿದೆ, ಹಾರ್ಮೋನ್ ಏರಿದೆ, ಅವೂ ಇಳಿಯಬೇಕು. ಇಷ್ಟಕ್ಕೆಲ್ಲ ಹೆಚ್ಚುವರಿ ಆಮ್ಲಜನಕ ಬೇಕು. ಅದಕ್ಕೇ ಏದುಸಿರು.

ಬ್ರಿಟನ್ನಿನ ವಿಜ್ಞಾನಿ ಎ.ವಿ. ಹಿಲ್ 1920ರ ದಶಕದಲ್ಲಿ ಇದಕ್ಕೆ 'ಆಮ್ಲಜನಕದ ಸಾಲ' ಎಂಬ ಹೆಸರನ್ನೇ ಇಟ್ಟಿದ್ದರು. ಸ್ನಾಯುವಿನ ಕುರಿತ ಕೆಲಸಕ್ಕೆ ಅವರಿಗೆ ಆಟ್ಟೋ ಮೇಯರ್‌ಹಾಫ್ ಜೊತೆ 1922ರ ನೊಬೆಲ್ ಬಂತು. ಈ ಸಾಲ ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲವನ್ನು ತೀರಿಸಲು ಅಂದುಕೊಂಡಿದ್ದರು. ಲೆಕ್ಕ ಅಷ್ಟು ಸರಳ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಲ್ಯಾಕ್ಟಿಕ್ ಆಮ್ಲದ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ವ್ಯಾಯಾಮದ ಮರುದಿನ ಮೈಕೈ ನೋವು ಬರುವುದು ಅದರಿಂದಲೇ ಎಂದು ಎಷ್ಟೋ ಜನ ಇಂದಿಗೂ ಹೇಳುತ್ತಾರೆ. ಆದರೆ ಅದು ಹೆಚ್ಚೂಕಮ್ಮಿ ಒಂದು ಗಂಟೆಯಲ್ಲಿ ರಕ್ತದಿಂದ ಹೋಗಿಬಿಟ್ಟಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ. ಅಭ್ಯಾಸವಿಲ್ಲದ ಕೆಲಸದಿಂದ, ಅದರಲ್ಲೂ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ಕೆಲಸದಿಂದ ಆಗುವ ಸಣ್ಣ ಸಣ್ಣ ಗಾಯಗಳು, ಅವುಗಳ ರಿಪೇರಿ, ಇದರಿಂದ ಆ ನೋವು. ಹಾಗಾಗಿ ಏದುಸಿರು ಕೊಡುವುದು ಮೆಟ್ಟಿಲು ಹತ್ತುವುದು, ಮರುದಿನ ತೊಡೆ ನೋಯಿಸುವುದು ಹೆಚ್ಚಾಗಿ ಇಳಿಯುವುದು.

ಲ್ಯಾಬ್‌ನಲ್ಲಿ 10 ನಿಮಿಷ

ಈ ಓದಿನ ಅತಿ ಪ್ರಸಿದ್ಧ ಪರೀಕ್ಷೆ ವಿಒ2 ಮ್ಯಾಕ್ಸ್. ಒಂದು ನಿಮಿಷದಲ್ಲಿ ನಿಮ್ಮ ಮೈ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ. ಗಾಡಿಯ ಎಂಜಿನ್ ಎಷ್ಟು ದೊಡ್ಡದು ಎಂದು ನೋಡಿದ ಹಾಗೆ.

ಪರೀಕ್ಷೆ ಶುರುವಾಗುವುದು ಓಟದಿಂದ ಅಲ್ಲ, ಒಂದು ದೊಡ್ಡ ಸಿರಿಂಜ್‌ನಿಂದ. ಸರಿಯಾಗಿ 3 ಲೀಟರ್ ಗಾಳಿ ಹಿಡಿಯುವ ಸಿರಿಂಜನ್ನು ಯಂತ್ರಕ್ಕೆ ಜೋಡಿಸಿ, ಹಿಂದೆ ಮುಂದೆ ಎಳೆದು ತಳ್ಳಿ, ಯಂತ್ರ 3 ಲೀಟರ್ ಅಂತಲೇ ತೋರಿಸುತ್ತದಾ ನೋಡುತ್ತಾರೆ. ಆಮೇಲೆ ಆಮ್ಲಜನಕದ ಪ್ರಮಾಣ ಮೊದಲೇ ಗೊತ್ತಿರುವ ಸಿಲಿಂಡರ್ ಗಾಳಿ ಹಾಯಿಸಿ ಅದನ್ನೂ ಪರೀಕ್ಷಿಸುತ್ತಾರೆ. ತಕ್ಕಡಿ ಸರಿ ಇಲ್ಲದಿದ್ದರೆ ತೂಕಕ್ಕೆ ಅರ್ಥ ಇಲ್ಲವಲ್ಲ.

ನಂತರ ಒಬ್ಬ ವಿದ್ಯಾರ್ಥಿ ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಟ್ರೆಡ್‌ಮಿಲ್ ಹತ್ತುತ್ತಾನೆ. ಎದೆಗೆ ಹೃದಯಬಡಿತ ಅಳೆಯುವ ಪಟ್ಟಿ. ಒಂದೆರಡು ನಿಮಿಷಕ್ಕೊಮ್ಮೆ ವೇಗವನ್ನೋ ಏರನ್ನೋ ಹೆಚ್ಚಿಸುತ್ತಾ ಹೋಗುತ್ತಾರೆ. ಪಕ್ಕದಲ್ಲಿ ನಿಂತ ಸಹಪಾಠಿ ಒಂದು ಹಲಗೆ ಹಿಡಿದು "ಎಷ್ಟು ಕಷ್ಟ ಆಗ್ತಿದೆ?" ಎಂದು ಕೇಳುತ್ತಾಳೆ. ಮಾಸ್ಕ್ ಇರುವುದರಿಂದ ಇವನಿಗೆ ಮಾತಾಡಲು ಆಗುವುದಿಲ್ಲ, ಬೆರಳಿಟ್ಟು ಒಂದು ಸಂಖ್ಯೆ ತೋರಿಸುತ್ತಾನೆ. ನಾವು ಒಳಗೆ ಎಳೆಯುವ ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕ ಇರುತ್ತದೆ. ಹೊರಗೆ ಬಿಡುವುದರಲ್ಲಿ 16-17 ಶೇಕಡಾ. ನಡುವೆ ಕಾಣೆಯಾದದ್ದನ್ನು ಮೈ ಬಳಸಿಕೊಂಡಿದೆ. ಯಂತ್ರ ಇದನ್ನು ಉಸಿರು ಉಸಿರಿಗೂ ಲೆಕ್ಕ ಹಾಕುತ್ತದೆ. 8ರಿಂದ 12 ನಿಮಿಷದಲ್ಲಿ, ಏರು ಹೆಚ್ಚಿಸಿದರೂ ಆಮ್ಲಜನಕದ ಗೆರೆ ಮೇಲೇರದ ಹಂತ ಬರಬಹುದು. ಅದೇ ಎಂಜಿನ್‌ನ ಗಡಿ. ಎಲ್ಲರಲ್ಲೂ ಆ ಸಮತಟ್ಟು ಸ್ಪಷ್ಟವಾಗಿ ಕಾಣಿಸುವುದಿಲ್ಲ ಅನ್ನುವುದೂ ಪಾಠದ ಭಾಗವೇ.

ಸುಮ್ನೆ ಕುಳಿತಿದ್ದಾಗ ಮೈ ಬಳಸುವುದು ಪ್ರತಿ ಕೆಜಿ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ. ತರಬೇತಿ ಇಲ್ಲದ ಯುವಕರ ಗಡಿ 40ರ ಆಸುಪಾಸು. ದೂರದ ಓಟದ ವಿಶ್ವಮಟ್ಟದ ಗಂಡು ಓಟಗಾರರಲ್ಲಿ 70 ದಾಟುವುದು ಸಾಮಾನ್ಯ.

ಆ ಹಲಗೆಯ ಮೇಲಿನ ಸಂಖ್ಯೆಗಳಿಗೂ ಒಂದು ಕಥೆ ಇದೆ. ಅವು 6ರಿಂದ 20ರವರೆಗೆ ಇರುತ್ತವೆ. 1ರಿಂದ 10 ಯಾಕಲ್ಲ? ಇದನ್ನು ರೂಪಿಸಿದ ಸ್ವೀಡನ್ನಿನ ಗುನ್ನಾರ್ ಬೋರ್ಗ್, ಸಂಖ್ಯೆಯನ್ನು 10ರಿಂದ ಗುಣಿಸಿದರೆ ಆರೋಗ್ಯವಂತ ಯುವಕರ ಹೃದಯಬಡಿತದ ಅಂದಾಜು ಸಿಗುವ ಹಾಗೆ ಜೋಡಿಸಿದರು. 6 ಅಂದರೆ ವಿಶ್ರಾಂತಿಯ 60, 20 ಅಂದರೆ 200. ನೋಡಲು ಆಟದ ಹಾಗಿದೆ, ಆದರೆ ಆಸ್ಪತ್ರೆಯಲ್ಲಿ ಬಹಳ ಉಪಯೋಗ. ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಎಷ್ಟೇ ಕಷ್ಟಪಟ್ಟರೂ ಬಡಿತ ಮಾಮೂಲಿನಷ್ಟು ಏರುವುದಿಲ್ಲ. ಅಂಥವರಿಗೆ ವಾಚ್ ನೋಡಿ ವ್ಯಾಯಾಮ ಹೇಳಿದರೆ ಮೋಸ ಹೋಗುತ್ತೀರಿ. "ಹೇಗನಿಸ್ತಿದೆ?" ಎಂದು ಅವರನ್ನೇ ಕೇಳಬೇಕು.

ಐದು ಕೆಜಿ ಯಾವಾಗ 35 ಕೆಜಿ ಆಗುತ್ತದೆ?

ಬಯೋಮೆಕಾನಿಕ್ಸ್ ಅಂದರೆ ಮೈಗೆ ಹಚ್ಚಿದ ಭೌತಶಾಸ್ತ್ರ. ಮೊಣಕೈಯನ್ನು 90 ಡಿಗ್ರಿ ಮಡಚಿ ಕೈಯಲ್ಲಿ 5 ಕೆಜಿ ಡಂಬೆಲ್ ಹಿಡಿಯಿರಿ. ತೋಳಿನ ಮುಂಭಾಗದ ಸ್ನಾಯು ಮೊಣಕೈ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಡಂಬೆಲ್ ಇರುವುದು ಸುಮಾರು 35 ಸೆಂಟಿಮೀಟರ್ ದೂರ. ಅಂದರೆ ಏಳು ಪಟ್ಟು. ಹಾಗಾಗಿ 5 ಕೆಜಿ ತಡೆಯಲು ಸ್ನಾಯು ಸುಮಾರು 35 ಕೆಜಿಯಷ್ಟು ಎಳೆಯಬೇಕು, ಮುಂಗೈಯ ತೂಕವನ್ನು ಬಿಟ್ಟು. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳುವುದು ಸುಲಭ, ತಿರುಗಣಿಯ ಹತ್ತಿರ ತಳ್ಳುವುದು ಕಷ್ಟ. ನಮ್ಮ ಸ್ನಾಯುಗಳು ಹೆಚ್ಚಾಗಿ ತಳ್ಳುವುದು ತಿರುಗಣಿಯ ಹತ್ತಿರವೇ.

ಬದಲಿಗೆ ಸಿಗುವುದು ವೇಗ. ಸ್ನಾಯು ಒಂದಿಷ್ಟೇ ಕುಗ್ಗಿದರೂ ಕೈ ದೂರ ಚಲಿಸುತ್ತದೆ. ಚೆಂಡು ಎಸೆಯಲು ಇದೇ ಬೇಕು. ಮೊಣಕಾಲು, ಸೊಂಟ, ಓಡುವಾಗ ನೆಲ ವಾಪಸ್ ಕೊಡುವ ಪೆಟ್ಟು, ಎಲ್ಲವನ್ನೂ ಹೀಗೇ ಲೆಕ್ಕ ಹಾಕುತ್ತಾರೆ. ಓಡುವಾಗ ಪ್ರತಿ ಹೆಜ್ಜೆಗೆ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ.

ಪಕ್ಕದಲ್ಲೇ ಬರುವ ಇನ್ನೊಂದು ವಿಷಯ ನರ ಮತ್ತು ಚಲನೆಯ ಕಲಿಕೆ. ಭಾರ ಎತ್ತಲು ಶುರು ಮಾಡಿದ ಮೊದಲ ಕೆಲವು ವಾರ ಶಕ್ತಿ ಬೇಗ ಏರುತ್ತದೆ, ಆದರೆ ತೋಳಿನ ಗಾತ್ರ ಅಷ್ಟೇ ಇರುತ್ತದೆ. ಮೊದಲು ಕಲಿಯುವುದು ಮೆದುಳು ಮತ್ತು ನರ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುತ್ತವೆ. ಸ್ನಾಯು ಬೆಳೆಯುವುದು ಆಮೇಲೆ. ಇನ್ನು ಪೌಷ್ಟಿಕತೆ, ಮನಃಶಾಸ್ತ್ರ ಕೂಡ ಇರುತ್ತವೆ. ಎಷ್ಟು ಒಳ್ಳೆಯ ಯೋಜನೆ ಕೊಟ್ಟರೂ ಜನ ಮೂರನೇ ವಾರಕ್ಕೆ ಯಾಕೆ ಬಿಟ್ಟುಬಿಡುತ್ತಾರೆ ಎಂಬ ಪ್ರಶ್ನೆ ಆ ಕ್ಲಾಸಿನದು.

ಸ್ಟ್ಯಾಟಿಸ್ಟಿಕ್ಸ್ ಯಾಕಪ್ಪಾ?

ಹೆಚ್ಚಿನ ವಿದ್ಯಾರ್ಥಿಗಳು ಗೊಣಗುವ ವಿಷಯ ಇದು. ನನ್ನ ಪ್ರಕಾರ ಒಬ್ಬ ಪದವೀಧರನನ್ನು, ವಿಡಿಯೋ ನೋಡಿ ಕಲಿತವನಿಂದ ಬೇರೆ ಮಾಡುವುದೂ ಇದೇ.

ಹೃದಯಬಡಿತದ ಗರಿಷ್ಠ ಮಿತಿ ತಿಳಿಯಲು 220ರಿಂದ ವಯಸ್ಸು ಕಳೆಯಿರಿ ಅನ್ನುವ ಸೂತ್ರ ಕೇಳಿರುತ್ತೀರಿ. 40 ವಯಸ್ಸಿಗೆ 180. ಇದು ಸರಾಸರಿ. ಒಬ್ಬೊಬ್ಬರ ನಿಜವಾದ ಮಿತಿ ಈ ಅಂದಾಜಿಗಿಂತ 10-12 ಬಡಿತ ಆಚೀಚೆ ಇರುವುದು ಮಾಮೂಲು, ಕೆಲವರಲ್ಲಿ ಇನ್ನೂ ಹೆಚ್ಚು. ಒಬ್ಬರಿಗೆ 168 ಇರಬಹುದು, ಅದೇ ವಯಸ್ಸಿನ ಇನ್ನೊಬ್ಬರಿಗೆ 192. ಇಬ್ಬರಿಗೂ "150ರಲ್ಲಿ ಓಡಿ" ಅಂದರೆ ಒಬ್ಬರು ಒದ್ದಾಡುತ್ತಾರೆ, ಇನ್ನೊಬ್ಬರು ಹರಟೆ ಹೊಡೆಯುತ್ತಾ ಓಡುತ್ತಾರೆ.

ಇನ್ನೊಂದು ಉದಾಹರಣೆ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳದು. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ದಿನವಿಡೀ ಮೇಲಂತಸ್ತಿಗೆ ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಮ್ಮಿ ಇತ್ತು. ಹಾಗಾದರೆ ಮೆಟ್ಟಿಲು ಹೃದಯ ಕಾಪಾಡಿತು ಅನ್ನೋಣವಾ? ತಡೆಯಿರಿ. ಇದೇ ಗುಂಪು 1956ರಲ್ಲಿ ಅವರ ಸಮವಸ್ತ್ರದ ಅಳತೆಗಳನ್ನು ನೋಡಿತು. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಸುತ್ತಳತೆ ಜಾಸ್ತಿ ಇತ್ತು, ಚಿಕ್ಕ ವಯಸ್ಸಿನವರಲ್ಲೂ! ಹಾಗಾದರೆ ಕೆಲಸ ಮೈಯನ್ನು ಬದಲಿಸಿತೋ, ಮೈಗೆ ತಕ್ಕ ಕೆಲಸವನ್ನು ಅವರೇ ಆರಿಸಿಕೊಂಡರೋ? ಇಂಥ ಗಂಟು ಬಿಡಿಸಲು ಸ್ಟ್ಯಾಟಿಸ್ಟಿಕ್ಸ್ ಬೇಕು. ಮುಂದೆ ಬಂದ ಬೇರೆ ಬೇರೆ ಅಧ್ಯಯನಗಳು ಚಲನೆಯ ಲಾಭವನ್ನು ಮತ್ತೆ ಮತ್ತೆ ತೋರಿಸಿದವು. ಆದರೆ ಒಂದು ಅಧ್ಯಯನ ನೋಡಿ ಕುಣಿಯಬಾರದು ಅನ್ನುವ ಪಾಠ ಹಾಗೇ ಉಳಿಯಿತು.

ವ್ಯಾಯಾಮಕ್ಕೂ ಡೋಸ್ ಇದೆ

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ವಿಒ2 ಮ್ಯಾಕ್ಸ್ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆಮೇಲೆ ತರಬೇತಿ ಕೊಟ್ಟು ಮೇಲೆತ್ತಿದರು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷೆಗೆ ಕರೆದರು. 30 ವರ್ಷದ ವಯಸ್ಸು ಮಾಡಿದ ಇಳಿಕೆಗಿಂತ ಆ ಮೂರು ವಾರದ ಹಾಸಿಗೆ ಮಾಡಿದ ಇಳಿಕೆಯೇ ಜಾಸ್ತಿ ಇತ್ತು.

ಐದೇ ಜನ, ನಿಜ. ಆದರೂ ಒಂದು ಮಾತು ಗಟ್ಟಿಯಾಯಿತು: ಕಾಯಿಲೆಯವರಿಗೆ ವಿಶ್ರಾಂತಿಯೂ ಲೆಕ್ಕ ಹಾಕಿ ಕೊಡಬೇಕಾದ ಮದ್ದು. ವ್ಯಾಯಾಮವೂ ಹಾಗೇ. ವಾರಕ್ಕೆ ಎಷ್ಟು ಸಲ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ಬಗೆಯದು. ಈ ನಾಲ್ಕನ್ನು ಒಬ್ಬ ವ್ಯಕ್ತಿಗೆ ತಕ್ಕ ಹಾಗೆ ಬರೆದುಕೊಡುವುದನ್ನು ಕೊನೆಯ ವರ್ಷಗಳಲ್ಲಿ ಕಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಅದು ಎಲ್ಲರಿಗೂ ಹೊಲಿದ ಒಂದೇ ಅಳತೆಯ ಅಂಗಿ. ಬಿಪಿ ಇರುವ, ಮೊಣಕಾಲು ಸವೆದ, ಇನ್ಸುಲಿನ್ ತೆಗೆದುಕೊಳ್ಳುವ 62 ವರ್ಷದ ಒಬ್ಬರಿಗೆ ಅದನ್ನು ಅಳತೆ ನೋಡಿ ಹೊಲಿಯಬೇಕಲ್ಲ, ಅಲ್ಲಿ ಈ ಓದು ಕೆಲಸಕ್ಕೆ ಬರುತ್ತದೆ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ?

ಫಿಸಿಯೋಥೆರಪಿಸ್ಟ್ ಗಾಯ, ನೋವು, ಪಾರ್ಶ್ವವಾಯುವಿನಂಥ ತೊಂದರೆಯನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಅದಕ್ಕೆ ಬಹುತೇಕ ದೇಶಗಳಲ್ಲಿ ಲೈಸೆನ್ಸ್ ಬೇಕು. ಎಕ್ಸರ್‌ಸೈಸ್ ಸೈನ್ಸ್ ಪದವಿಯಿಂದ ಆ ಲೈಸೆನ್ಸ್ ಸಿಗುವುದಿಲ್ಲ. ಇದು ಸೇರುವ ಮುಂಚೆ ಗೊತ್ತಿರಲೇಬೇಕಾದ ವಿಷಯ, ಯಾಕೆಂದರೆ ಎಷ್ಟೋ ಮಂದಿಗೆ ಗೊತ್ತಾಗುವುದು ಮೂರನೇ ವರ್ಷದಲ್ಲಿ.

ದೇಶದಿಂದ ದೇಶಕ್ಕೆ ದಾರಿ ಬೇರೆ. ಅಮೆರಿಕದಲ್ಲಿ ಫಿಸಿಯೋಥೆರಪಿ ಓದುವುದು ಪದವಿಯ ಮೇಲೆ, ಡಾಕ್ಟರೇಟ್ ಮಟ್ಟದಲ್ಲಿ. ಹಾಗಾಗಿ ಅಲ್ಲಿ ಎಕ್ಸರ್‌ಸೈಸ್ ಸೈನ್ಸ್ ಅದಕ್ಕೆ ಜನಪ್ರಿಯ ಮೆಟ್ಟಿಲು. ಬ್ರಿಟನ್, ಆಸ್ಟ್ರೇಲಿಯಾ, ಭಾರತದಲ್ಲಿ ಶಾಲೆ ಮುಗಿಸಿ ನೇರವಾಗಿ ಫಿಸಿಯೋಥೆರಪಿ ಪದವಿಗೇ ಸೇರಬಹುದು. ಫಿಸಿಯೋ ಆಗುವುದೇ ಗುರಿಯಾದರೆ ಅಂಥ ಕಡೆ ಇದು ಸುತ್ತುಬಳಸಿನ ದಾರಿ.

ಪದವಿ ಆದ ಮೇಲೆ

ಈಗ ಜಿಮ್ ಪ್ರಶ್ನೆ. ಬಹಳಷ್ಟು ಕಡೆ ಜಿಮ್ ಟ್ರೈನರ್ ಆಗಲು ಪದವಿ ಬೇಕಿಲ್ಲ. ಸಣ್ಣ ಅವಧಿಯ ಸರ್ಟಿಫಿಕೇಟ್ ಸಾಕು. ಅಷ್ಟೇ ಬೇಕು ಅಂದರೆ ಮೂರು ನಾಲ್ಕು ವರ್ಷದ ಓದು ದುಬಾರಿ ದಾರಿ.

ಪದವಿ ಬೆಲೆ ಪಡೆಯುವುದು ಬೇರೆ ಕಡೆ. ಹೃದಯಾಘಾತದಿಂದ ಚೇತರಿಸಿಕೊಳ್ಳುವವರಿಗೆ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸುವ ಆಸ್ಪತ್ರೆ ವಿಭಾಗಗಳು, ಕ್ರೀಡಾ ತಂಡಗಳಲ್ಲಿ ಆಟಗಾರರ ಬಲ, ದಮ್ಮು ಬೆಳೆಸುವ ಸ್ಟ್ರೆಂತ್ ಆಂಡ್ ಕಂಡೀಷನಿಂಗ್ ಕೋಚ್ ಹುದ್ದೆ, ಕಾರ್ಖಾನೆ ಕಚೇರಿಗಳಲ್ಲಿ ಕೆಲಸದ ಭಂಗಿ ಸರಿಪಡಿಸುವ ಕೆಲಸ, ಸಂಶೋಧನೆ, ಪಾಠ. ಸ್ಟ್ರೆಂತ್ ಕೋಚ್‌ಗಳಿಗೆ ಅಮೆರಿಕದ ಎನ್‌ಎಸ್‌ಸಿಎ ಎಂಬ ಸಂಸ್ಥೆ ಕೊಡುವ ಸಿಎಸ್‌ಸಿಎಸ್ ಎಂಬ ಪ್ರಮಾಣಪತ್ರ ಕೈಗೆ ಸಿಗಲು ಪದವಿ ಬೇಕೇ ಬೇಕು. ಆಸ್ಟ್ರೇಲಿಯಾದಲ್ಲಿ ಮಾನ್ಯತೆ ಪಡೆದ ಎಕ್ಸರ್‌ಸೈಸ್ ಫಿಸಿಯಾಲಜಿಸ್ಟ್ ಆಗಲು ಕನಿಷ್ಠ ನಾಲ್ಕು ವರ್ಷದ ವಿಶ್ವವಿದ್ಯಾಲಯ ಓದು ಬೇಕು. ಕೆನಡಾದ ಒಂಟಾರಿಯೋದಲ್ಲಿ ಕಿನೀಸಿಯಾಲಜಿಸ್ಟ್ ಎಂದು ಕರೆದುಕೊಳ್ಳಲು ನೋಂದಣಿ ಆಗಿರಬೇಕು. ಅಂದರೆ ಪದವಿ ಮುಗಿದ ಕೂಡಲೇ ಬಾಗಿಲು ತಾನಾಗಿ ತೆರೆಯುವುದು ಅಪರೂಪ. ಮುಂದೆ ಒಂದು ಪರೀಕ್ಷೆ, ನೋಂದಣಿ ಅಥವಾ ಸ್ನಾತಕೋತ್ತರ ಓದು ಇದ್ದೇ ಇರುತ್ತದೆ.

ಸೇರುವ ಮುಂಚೆ ಕಾಲೇಜಿಗೆ ಕೇಳಿ

ಲ್ಯಾಬ್ ತೋರಿಸಿ ಅನ್ನಿ. ಟ್ರೆಡ್‌ಮಿಲ್ ಎಷ್ಟಿವೆ ಅನ್ನುವುದಕ್ಕಿಂತ, ವಿದ್ಯಾರ್ಥಿಗಳೇ ಅವನ್ನು ಮುಟ್ಟುತ್ತಾರಾ ಅಥವಾ ದೂರದಿಂದ ನೋಡುತ್ತಾರಾ ಅನ್ನುವುದನ್ನು ಕೇಳಿ. ಇಂಟರ್ನ್‌ಶಿಪ್ ಎಷ್ಟು ಗಂಟೆ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ಜಾಗವನ್ನು ಕಾಲೇಜೇ ಹುಡುಕಿಕೊಡುತ್ತದಾ, ನೀವೇ ಅಲೆಯಬೇಕಾ? ನೀವು ಕೆಲಸ ಮಾಡಬೇಕೆಂದಿರುವ ದೇಶದ ವೃತ್ತಿಸಂಸ್ಥೆ ಈ ಪದವಿಯನ್ನು ಒಪ್ಪುತ್ತದಾ? ಇದನ್ನು ಕಾಲೇಜಿನ ಮಾತು ನಂಬಿ ಬಿಡದೆ ಆ ಸಂಸ್ಥೆಯ ಪಟ್ಟಿಯಲ್ಲೇ ನೋಡಿ.

ಕೊನೆಗೆ, ಆಗ ಕೊನೆಯ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿ ಸಿಕ್ಕರೆ ಪಕ್ಕಕ್ಕೆ ಕರೆದು ಕೇಳಿ: ಮೂರು ಮಹಡಿ ಹತ್ತಿ ನಿಂತ ಮೇಲೂ ಏದುಸಿರು ಯಾಕೆ? ಉತ್ತರ ಹೇಳುವಾಗ ಅವರ ಕೈ ಪೆನ್ನು ಕಾಗದ ಹುಡುಕಿದರೆ, ಅಲ್ಲಿ ಪಾಠ ಚೆನ್ನಾಗಿಯೇ ನಡೆಯುತ್ತಿದೆ.